ಪೆಟ್ಟಿಗೆ ಎಣಿಸುವವರು, ಆಟ ಆಡುವವರು

ಗೇಮಿಂಗ್ ಕನ್ಸೋಲ್‌ಗಳ ಸುದ್ದಿಯನ್ನು ಒಂದು ತಿಂಗಳು ತಪ್ಪದೆ ಓದಿ ನೋಡಿ. ಯಾವ ಕಂಪನಿ ಎಷ್ಟು ಪೆಟ್ಟಿಗೆ ಮಾರಿತು, ಯಾರು ಯಾರನ್ನು ಹಿಂದೆ ಹಾಕಿದರು, ಮುಂದಿನ ಪೆಟ್ಟಿಗೆ ಯಾವಾಗ ಬರುತ್ತದೆ, ಅದರೊಳಗೆ ಯಾವ ಚಿಪ್ ಇರುತ್ತದೆ ಎನ್ನುವುದರಲ್ಲೇ ಹೆಚ್ಚಿನ ಪಾಲು ಮುಗಿದುಹೋಗಿರುತ್ತದೆ. ಆಟದ ಬಗ್ಗೆ ಏನಾದರೂ ಬಂದರೆ ಅದು ಬಿಡುಗಡೆಯ ವಾರದಲ್ಲಿ, ಹತ್ತಕ್ಕೆ ಇಷ್ಟು ಎನ್ನುವ ಅಂಕದ ಜೊತೆಗೆ. ಮರುವಾರ ಆ ಆಟದ ಹೆಸರೆತ್ತುವವರಿಲ್ಲ.

ನಮ್ಮ ಸಿನಿಮಾ ಪುಟಗಳಿಗೆ ಈ ಚಾಳಿ ಹೊಸದೇನಲ್ಲ. ಹಿಂದೆ ಶತದಿನೋತ್ಸವ ಎಣಿಸುತ್ತಿದ್ದವರು ಈಗ ಮೊದಲ ದಿನದ ಕಲೆಕ್ಷನ್ ಎಣಿಸುತ್ತಾರೆ. ಆದರೆ ಸಿನಿಮಾ ಎಂದರೆ ಒಂದು ಟಿಕೆಟ್, ಮೂರು ಗಂಟೆಯ ಮಾತು. ಕನ್ಸೋಲ್ ಹಾಗಲ್ಲ. ಐವತ್ತು ಸಾವಿರದ ಆಸುಪಾಸಿನ ಬಂಡವಾಳ, ಏಳೆಂಟು ವರ್ಷದ ಒಡನಾಟ. ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿರುವ ನಮ್ಮಂಥವರಿಗೆ ಅದು ಇಎಂಐ ಪಟ್ಟಿಯ ಒಂದು ಸಾಲು, ಶನಿವಾರ ರಾತ್ರಿಯ ಸಂಗಾತಿ ಕೂಡ. ನನ್ನ ತಕರಾರು ಇಷ್ಟು: ಈ ಸುದ್ದಿ ನಮ್ಮನ್ನು ಮುಂದಿನ ಪೆಟ್ಟಿಗೆಯ ಗಿರಾಕಿಗಳು ಎಂದು ನೋಡುತ್ತದೆ, ಈಗಾಗಲೇ ಕೈಯಲ್ಲಿರುವ ಆಟದ ಆಟಗಾರರು ಎಂದು ನೋಡುವುದಿಲ್ಲ. ಇದರಿಂದ ನಮ್ಮ ಜೇಬಿಗೂ ನಷ್ಟ, ಆಟಕ್ಕೂ ನಷ್ಟ.

ಅಂಕಿಸಂಖ್ಯೆ ಹೇಳದ್ದು

ಮೊದಲು ಮಾರಾಟದ ಲೆಕ್ಕವನ್ನೇ ನೋಡೋಣ. ಸೋನಿ ಮತ್ತು ಮೈಕ್ರೋಸಾಫ್ಟ್ ನಡುವಿನ ‘ಕನ್ಸೋಲ್ ಯುದ್ಧ’ ವರ್ಷಗಟ್ಟಲೆ ಓಡಿದ ಸುದ್ದಿ. ಆದರೆ 2015ರಲ್ಲೇ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಎಷ್ಟು ಮಾರಾಟವಾಯಿತೆಂದು ಹೇಳುವುದನ್ನು ನಿಲ್ಲಿಸಿತು. ಆಮೇಲೂ ಯುದ್ಧದ ವರದಿ ನಿಲ್ಲಲಿಲ್ಲ. ಒಂದು ತಂಡ ಸ್ಕೋರ್ ಹೇಳುವುದಿಲ್ಲ ಎಂದ ಮೇಲೂ ಕಾಮೆಂಟರಿ ಮುಂದುವರಿದ ಕ್ರಿಕೆಟ್ ಮ್ಯಾಚಿನ ಹಾಗೆ ಅದು. ಅಂದಾಜು ಮಾಡುವವರ ಅಂದಾಜೇ ತಲೆಬರಹವಾಯಿತು.

ಸಂಖ್ಯೆ ಸರಿಯಾಗಿದ್ದಾಗಲೂ ಅದು ಆಟದ ಬಗ್ಗೆ ಹೇಳುವುದು ಕಡಿಮೆ. ನಿಂಟೆಂಡೊದ ವೀ ಯು 2012ರಲ್ಲಿ ಬಂತು, ಒಟ್ಟು ಮಾರಾಟವಾದದ್ದು ಸುಮಾರು 1 ಕೋಟಿ 35 ಲಕ್ಷ. ಕಂಪನಿಯ ಲೆಕ್ಕದಲ್ಲಿ ಅದು ಸೋಲು, ಪತ್ರಿಕೆಗಳ ಲೆಕ್ಕದಲ್ಲಿ ನಗೆಪಾಟಲು. ಆದರೆ ಆ ಸೋತ ಪೆಟ್ಟಿಗೆಗೆಂದು 2014ರಲ್ಲಿ ಮಾಡಿದ ‘ಮಾರಿಯೊ ಕಾರ್ಟ್ 8’ ಅನ್ನೇ ಒಂದಿಷ್ಟು ತಿದ್ದಿ 2017ರಲ್ಲಿ ಸ್ವಿಚ್‌ಗೆ ತಂದಾಗ ಆರು ಕೋಟಿಗೂ ಹೆಚ್ಚು ಮಾರಾಟವಾಯಿತು. ಸ್ವಿಚ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಆಟ ಅದೇ. ಆಟ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. 2014ರಲ್ಲಿ ‘ವೀ ಯು ಸತ್ತಿತು’ ಎಂದು ಓದಿ ಸುಮ್ಮನಾದ ಓದುಗನಿಗೆ ಅದು ತಿಳಿಯಲಿಲ್ಲ, ಅಷ್ಟೇ.

ಅದಕ್ಕೂ ಹಿಂದಿನ ಕತೆ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್‌ನದು. 2001ರ ಜನವರಿಯಲ್ಲಿ ಸೆಗಾ ಅದರ ತಯಾರಿಕೆ ನಿಲ್ಲಿಸುತ್ತೇವೆಂದು ಹೇಳಿ ಕನ್ಸೋಲ್ ವ್ಯಾಪಾರದಿಂದಲೇ ಎದ್ದುಹೋಯಿತು. ಪೆಟ್ಟಿಗೆಯ ಜೊತೆಗೇ ಮೋಡೆಮ್ ಕೊಟ್ಟು, ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’ ಮೂಲಕ ಕನ್ಸೋಲ್ ಆಡುವವರನ್ನು ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಕೂರಿಸಿದ್ದು ಅದೇ ಡ್ರೀಮ್‌ಕಾಸ್ಟ್. ಇವತ್ತು ನಾವು ಸಹಜವೆಂದುಕೊಂಡದ್ದರಲ್ಲಿ ಎಷ್ಟೋ ಭಾಗ ಸೋತವರ ಮನೆಯಿಂದ ಬಂದದ್ದು. ಗೆದ್ದವರನ್ನೇ ಬರೆಯುವ ಸುದ್ದಿಗೆ ಇದು ಕಾಣುವುದಿಲ್ಲ.

ಮೊದಲು ಬರೆಯುವುದಕ್ಕೆ ಕೊಡುವ ಬೆಲೆ

ಸುದ್ದಿ ಹೀಗೇಕೆ ಆಗುತ್ತದೆ? ಬರೆಯುವವರೆಲ್ಲ ಕೆಟ್ಟವರು ಎನ್ನುವುದು ಸುಲಭದ ಉತ್ತರ, ತಪ್ಪು ಉತ್ತರ. ಕಾರಣ ವ್ಯವಸ್ಥೆಯಲ್ಲಿದೆ. ಆಟ ಮಾರುಕಟ್ಟೆಗೆ ಬರುವ ಮೊದಲೇ ವಿಮರ್ಶಕನಿಗೆ ಪ್ರತಿ ಸಿಗುವುದು ಕಂಪನಿಯಿಂದ. ಇಂಥ ದಿನ, ಇಷ್ಟು ಗಂಟೆಯವರೆಗೆ ಏನೂ ಬರೆಯಬಾರದು ಎನ್ನುವ ಷರತ್ತಿಗೆ ಒಪ್ಪಿದರೆ ಮಾತ್ರ ಅದು ಸಿಗುತ್ತದೆ. ಇದಕ್ಕೆ ಎಂಬಾರ್ಗೊ ಎನ್ನುತ್ತಾರೆ. ಒಪ್ಪದವನ ವಿಮರ್ಶೆ ಎಲ್ಲರಿಗಿಂತ ಒಂದು ವಾರ ತಡವಾಗಿ ಬರುತ್ತದೆ, ಅಷ್ಟು ಹೊತ್ತಿಗೆ ಓದುವವರು ಇರುವುದಿಲ್ಲ. ಜೊತೆಗೆ ಜಾಹೀರಾತು ಕೊಡುವವರೂ ಅದೇ ಕಂಪನಿಗಳು.

ಇದರ ಪರಿಣಾಮ ಎಷ್ಟು ದೂರ ಹೋಗಬಹುದೆಂದು 2007ರ ನವೆಂಬರಿನಲ್ಲಿ ಗೊತ್ತಾಯಿತು. ಗೇಮ್‌ಸ್ಪಾಟ್‌ನ ವಿಮರ್ಶಕ ಜೆಫ್ ಗರ್ಸ್‌ಮನ್ ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ ಹತ್ತಕ್ಕೆ ಆರು ಕೊಟ್ಟಾಗ ಅದೇ ತಾಣದ ತುಂಬ ಆ ಆಟದ ಜಾಹೀರಾತಿತ್ತು. ಅವರ ಕೆಲಸ ಹೋಯಿತು. ಜಾಹೀರಾತುದಾರರ ಒತ್ತಡ ಹೇಗೆ ಕೆಲಸ ಮಾಡಿತೆಂದು ಅವರು ಬಾಯಿಬಿಟ್ಟು ಹೇಳಲು ಸಾಧ್ಯವಾದದ್ದು 2012ರಲ್ಲಿ. ಗಮನಿಸಬೇಕಾದದ್ದು ಇದು: ಆರು ಎಂದರೆ ಪಾಸಾದ ಅಂಕ. ಪಾಸಾದರೂ ಸಾಲದು ಎನ್ನುವ ಜಾಗದಲ್ಲಿ ಅಂಕಕ್ಕೆ ಅರ್ಥ ಉಳಿಯುವುದಿಲ್ಲ.

2020ರ ಡಿಸೆಂಬರ್ 10ರಂದು ಬಂದ ‘ಸೈಬರ್‌ಪಂಕ್ 2077’ ಇನ್ನೂ ದೊಡ್ಡ ಪಾಠ. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ಒಳ್ಳೆಯ ಕಂಪ್ಯೂಟರಿನಲ್ಲಿ ಆಡಿದವರು ಹೊಗಳಿದರು. ಆ ಹೊಗಳಿಕೆ ಓದಿ ಹಳೆಯ ಪಿಎಸ್4ಗೆಂದು ಕೊಂಡವರ ಮುಂದೆ ಬಂದದ್ದು ತಡವರಿಸುವ, ಮತ್ತೆ ಮತ್ತೆ ನಿಂತುಹೋಗುವ ಆಟ. ಒಂದು ವಾರ ಕಳೆಯುತ್ತಲೇ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿ ಹಣ ಹಿಂದಿರುಗಿಸಲು ಒಪ್ಪಿತು. ಅದು ಅಂಗಡಿಗೆ ವಾಪಸಾದದ್ದು ಮುಂದಿನ ಜೂನಿನಲ್ಲಿ. ಆ ವಿಮರ್ಶೆಗಳಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ‘ನನಗೆ ಕನ್ಸೋಲ್ ಪ್ರತಿ ಕೊಟ್ಟಿಲ್ಲ’ ಎನ್ನುವ ಸತ್ಯ ಮಾತ್ರ ತಲೆಬರಹವಾಗದೆ ಒಳಗಿನ ಸಾಲಾಗಿ ಉಳಿಯಿತು. ನನ್ನ ಪ್ರಕಾರ ಆ ವಾರದ ಅತಿ ದೊಡ್ಡ ಸುದ್ದಿ ಅದೇ ಆಗಿತ್ತು.

ಒಳ್ಳೆಯ ಕೆಲಸವೂ ಆಗುತ್ತದೆ, ಅದನ್ನು ಹೇಳದಿದ್ದರೆ ಅನ್ಯಾಯ. ಡಿಜಿಟಲ್ ಫೌಂಡ್ರಿಯವರು ಒಂದೇ ಆಟವನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಓಡಿಸಿ, ಎಲ್ಲಿ ಚಿತ್ರ ತಡವರಿಸುತ್ತದೆಂದು ಅಳೆದು ತೋರಿಸುತ್ತಾರೆ. ಜೇಸನ್ ಶ್ರೈಯರ್‌ರಂಥ ವರದಿಗಾರರು ಸ್ಟುಡಿಯೊಗಳ ಒಳಗಿನ ಅತಿದುಡಿಮೆಯನ್ನು ಅಲ್ಲಿ ಕೆಲಸ ಮಾಡುವವರ ಬಾಯಿಂದಲೇ ಕೇಳಿ ಬರೆದಿದ್ದಾರೆ. ಯೂರೋಗೇಮರ್ 2015ರಲ್ಲಿ ಅಂಕ ಕೊಡುವುದನ್ನೇ ಬಿಟ್ಟು ನೋಡಿತು, 2023ರಲ್ಲಿ ನಕ್ಷತ್ರಗಳ ರೂಪದಲ್ಲಿ ಅದನ್ನು ಮತ್ತೆ ತಂದಿತು. ಓದುಗರಿಗೂ ಅಂಕದ ಚಟ ಅಂಟಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಡಿಸ್ಕ್ ಯಾರದ್ದು?

ಆಟಗಾರನ ಕಡೆಯಿಂದ ನೋಡಿದರೆ ನಿಜವಾದ ಪ್ರಶ್ನೆ ಒಂದೇ. ನಾನು ದುಡ್ಡು ಕೊಟ್ಟು ಕೊಂಡದ್ದು ನನ್ನದೇ? ಎಷ್ಟು ದಿನ ನನ್ನದು?

ಪಿಎಸ್5 ಜಗತ್ತಿನ ಬೇರೆ ಕಡೆ 2020ರ ನವೆಂಬರಿನಲ್ಲಿ ಬಂದರೆ ಭಾರತಕ್ಕೆ ಬಂದದ್ದು 2021ರ ಫೆಬ್ರುವರಿ 2ರಂದು. ಡಿಸ್ಕ್ ಇರುವುದಕ್ಕೆ 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಪೆಟ್ಟಿಗೆಗೆ 39,990. ವರದಿಗಳು ಹತ್ತು ಸಾವಿರ ಉಳಿತಾಯ ಎಂದವು. ಲೆಕ್ಕ ಹಾಕಿ ನೋಡಿ. ಆಗ ಹೊಸ ದೊಡ್ಡ ಆಟಕ್ಕೆ 4,999 ರೂಪಾಯಿ. ಡಿಸ್ಕ್ ಇದ್ದವನು ಆಡಿ ಮುಗಿಸಿ ಮಾರುತ್ತಾನೆ, ಇಲ್ಲವೇ ಗೆಳೆಯನ ಜೊತೆ ಅದಲುಬದಲು ಮಾಡಿಕೊಳ್ಳುತ್ತಾನೆ. ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚ್ಚಿ ಸ್ಟ್ರೀಟ್, ದೆಹಲಿಯ ಪಾಲಿಕಾ ಬಜಾರ್ ಸುತ್ತಿದವರಿಗೆ ಸೆಕೆಂಡ್ ಹ್ಯಾಂಡ್ ವ್ಯವಹಾರ ಹೊಸದೇನಲ್ಲ. ನಾಲ್ಕು ಜನ ಕನ್ನಡದ ಹುಡುಗರು ಒಂದು ಫ್ಲ್ಯಾಟಿನಲ್ಲಿದ್ದರೆ ಒಂದು ಡಿಸ್ಕ್ ನಾಲ್ಕು ಕೈ ದಾಟಿ ಊರಿನ ತಮ್ಮನಿಗೂ ತಲುಪುತ್ತದೆ. ಡಿಜಿಟಲ್ ಪೆಟ್ಟಿಗೆಯವನು ಮಾರಲಾರ, ಡಿಸ್ಕಿನ ಹಾಗೆ ಕೈಯಿಂದ ಕೈಗೆ ಕೊಡಲಾರ, ಅಂಗಡಿಗೆ ಹೋಗಿ ಚೌಕಾಶಿಯನ್ನೂ ಮಾಡಲಾರ. ಉಳಿಸಿದ ಹತ್ತು ಸಾವಿರ ನಾಲ್ಕೈದು ಆಟಕ್ಕೆ ಕರಗಿಹೋಗುತ್ತದೆ. ನಮ್ಮ ಪೇಟೆ ಬಲ್ಲ ಯಾರಾದರೂ ಹೇಳಬಹುದಾಗಿದ್ದ ಮಾತಿದು. ಇಲ್ಲಿನ ಸುದ್ದಿ ತಾಣಗಳು ಅಮೆರಿಕದ ಪತ್ರಿಕಾ ಪ್ರಕಟಣೆಯನ್ನು ರೂಪಾಯಿಗೆ ಬದಲಿಸಿ ಹಾಕುತ್ತವೆ, ಇಲ್ಲಿನ ಪೇಟೆಯ ಬಗ್ಗೆ ಬರೆಯುವುದಿಲ್ಲ. ನಿಂಟೆಂಡೊ ತನ್ನ ಕನ್ಸೋಲ್‌ಗಳನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದೇ ಇಲ್ಲ. ವಾರಂಟಿ ಯಾರು ಕೊಡುತ್ತಾರೆ, ಕೆಟ್ಟರೆ ಯಾರ ಬಳಿ ಒಯ್ಯಬೇಕು ಎನ್ನುವುದು ಇಲ್ಲಿ ಮೊದಲ ಪ್ಯಾರಾದಲ್ಲಿ ಬರಬೇಕಾದ ಮಾತು.

ಡಿಸ್ಕಿನ ಹಕ್ಕಿಗಾಗಿ ಓದುಗರು ಒಮ್ಮೆ ಗೆದ್ದದ್ದೂ ಉಂಟು. 2013ರ ಮೇ ತಿಂಗಳಿನಲ್ಲಿ ಎಕ್ಸ್‌ಬಾಕ್ಸ್ ಒನ್ ತೋರಿಸಿದ ಮೈಕ್ರೋಸಾಫ್ಟ್, ದಿನಕ್ಕೊಮ್ಮೆ ಇಂಟರ್ನೆಟ್ಟಿಗೆ ಸೇರಲೇಬೇಕು, ಬಳಸಿದ ಡಿಸ್ಕ್ ಕೊಡುಕೊಳ್ಳುವುದಕ್ಕೆ ನಿಯಮಗಳಿವೆ ಎಂದಿತು. ಆಟಗಾರರು ಸಿಟ್ಟಾದರು. ಬರೆಯುವವರೂ ಬೆನ್ನು ಬಿಡದೆ ಕೇಳಿದರು. ಸೋನಿಯವರು ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುವ ಪುಟ್ಟ ವಿಡಿಯೊ ಮಾಡಿ, ಆಟ ಹಂಚಿಕೊಳ್ಳುವುದು ಹೀಗೆ ಎಂದು ಗೇಲಿ ಮಾಡಿದರು. ಜೂನ್ 19ರಂದು ಮೈಕ್ರೋಸಾಫ್ಟ್ ಆ ನಿಯಮಗಳನ್ನು ಹಿಂತೆಗೆದುಕೊಂಡಿತು. ಸುದ್ದಿ ಆಟಗಾರನ ಪರವಾಗಿ ನಿಂತರೆ ಒಂದೇ ತಿಂಗಳಿನಲ್ಲಿ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಆದರೆ ಆ ಗೇಲಿ ಮಾಡಿದ ಸೋನಿಯೇ 2024ರಲ್ಲಿ ತಂದ ದುಬಾರಿ ಪಿಎಸ್5 ಪ್ರೊ ಪೆಟ್ಟಿಗೆಯಲ್ಲಿ ಡಿಸ್ಕ್ ಡ್ರೈವ್ ಇಲ್ಲ, ಬೇಕಾದವರು ಬೇರೆಯಾಗಿ ಕೊಳ್ಳಬೇಕು. 2025ರ ಜೂನ್ 5ರಂದು ಸ್ವಿಚ್ 2 ಬಂದಾಗ ನಾಲ್ಕೇ ದಿನದಲ್ಲಿ 35 ಲಕ್ಷ ಮಾರಾಟ ಎನ್ನುವುದು ಎಲ್ಲ ಕಡೆ ತಲೆಬರಹ. ಅದರ ಹಲವು ಆಟಗಳ ಕಾರ್ಡಿನೊಳಗೆ ಆಟವೇ ಇಲ್ಲ, ಬರೀ ಬೀಗದ ಕೈ ಇದೆ, ಕಾರ್ಡ್ ತೂರಿಸಿದ ಮೇಲೂ ಪೂರ್ತಿ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು ಎನ್ನುವುದು ಆ ಸಂಭ್ರಮದಲ್ಲಿ ಎರಡನೇ ಸಾಲಿಗೆ ಹೋಯಿತು. ತಮಾಷೆಯೆಂದರೆ ಪೂರ್ತಿ ಆಟವನ್ನು ಕಾರ್ಡಿನಲ್ಲೇ ತುಂಬಿ ಕೊಟ್ಟವುಗಳಲ್ಲಿ ಸೈಬರ್‌ಪಂಕ್ 2077 ಕೂಡ ಒಂದು. ಸುಟ್ಟುಕೊಂಡವರು ಕಲಿತರು.

ಡೌನ್‌ಲೋಡ್ ಮಾಡುವ ಅಂಗಡಿ ಮುಚ್ಚಿದರೆ? ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ ಮಾರಾಟವನ್ನು 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಯುಬಿಸಾಫ್ಟ್ 2024ರ ಮಾರ್ಚ್ 31ರಂದು ‘ದ ಕ್ರೂ’ ಎಂಬ ಕಾರ್ ಓಟದ ಆಟದ ಸರ್ವರ್ ನಿಲ್ಲಿಸಿದಾಗ ಡಿಸ್ಕ್ ಕೊಂಡಿದ್ದವರಿಗೂ ಉಳಿದದ್ದು ಬಿಲ್ಲೆ ಮಾತ್ರ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ 87 ಶೇಕಡಾ ಇವತ್ತು ಕೊಳ್ಳಲು ಸಿಗುವುದಿಲ್ಲ. ಪುಸ್ತಕವಾಗಿದ್ದರೆ ಹಳೆಯ ಗ್ರಂಥಾಲಯದಲ್ಲೋ, ಯಾರದೋ ಅಟ್ಟದ ಮೇಲೋ ಒಂದು ಪ್ರತಿ ಸಿಕ್ಕೀತು. ಸರ್ವರ್ ನಿಂತ ಆಟಕ್ಕೆ ಅಟ್ಟವಿಲ್ಲ. ‘ದ ಕ್ರೂ’ ಪ್ರಕರಣದಿಂದ ಸಿಟ್ಟಾದ ಆಟಗಾರರು ಆಟ ಕೊಲ್ಲಬೇಡಿ ಎಂದು ಚಳವಳಿ ಶುರುಮಾಡಿ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. ಚಳವಳಿಯನ್ನು ಹೊತ್ತು ನಡೆದದ್ದು ಸುದ್ದಿಮನೆ ಅಲ್ಲ, ಆಟಗಾರರೇ.

ಮಾಡುವವರು ಎಲ್ಲಿ?

ಎಣಿಕೆಯ ಸುದ್ದಿಯಲ್ಲಿ ಕಾಣದ ಇನ್ನೊಂದು ವರ್ಗ ಆಟ ಮಾಡುವವರದು. ಸೋನಿಯ ‘ಕಾನ್‌ಕಾರ್ಡ್’ 2024ರ ಆಗಸ್ಟ್ 23ರಂದು ಬಂದು ಸೆಪ್ಟೆಂಬರ್ 6ಕ್ಕೆ ನಿಂತುಹೋಯಿತು. ಎರಡು ವಾರದ ಬಾಳು. ಅಕ್ಟೋಬರಿನಲ್ಲಿ ಅದನ್ನು ಮಾಡಿದ ಸ್ಟುಡಿಯೊವನ್ನೇ ಮುಚ್ಚುವುದಾಗಿ ಹೇಳಿದರು. ಅದು ಸೋತ ಆಟ ಎನ್ನೋಣ. ಆದರೆ ಎಲ್ಲರೂ ಮೆಚ್ಚಿದ ‘ಹೈ-ಫೈ ರಶ್’ ಮಾಡಿದ ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್ ಅನ್ನೂ ಮೈಕ್ರೋಸಾಫ್ಟ್ ಅದೇ ವರ್ಷ ಮೇ ತಿಂಗಳಿನಲ್ಲಿ ಮುಚ್ಚುವುದಾಗಿ ಸಾರಿತು. ಆಮೇಲೆ ಬೇರೆ ಕಂಪನಿ ಅದನ್ನು ಕೊಂಡು ಉಳಿಸಿತು. ಗೆದ್ದರೂ ಕೆಲಸ ಹೋಗುತ್ತದೆ ಎಂದರೆ ಗೆಲುವಿನ ಪಟ್ಟಿ ಪ್ರಕಟಿಸಿ ಏನು ಪ್ರಯೋಜನ?

ಇದು ನಮಗೆ ದೂರದ ಸಂಗತಿಯಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರ್‌ಆಕ್ಟಿವ್ ಅನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡು ಬೆಂಗಳೂರಿನ ತನ್ನ ಸ್ಟುಡಿಯೊಗೆ ಸೇರಿಸಿಕೊಂಡಿತು. ಜಗತ್ತೇ ಕಾಯುತ್ತಿರುವ ಜಿಟಿಎ 6 ಮೊದಲು 2025 ಎಂದಿತ್ತು, ಆಮೇಲೆ 2026ರ ಮೇ, ಆಮೇಲೆ ನವೆಂಬರ್ 19 ಎಂದಾಯಿತು. ಪ್ರತಿ ಸಲವೂ ಶೇರು ಎಷ್ಟು ಬಿತ್ತು, ಅಭಿಮಾನಿಗಳು ಎಷ್ಟು ಬೇಸರಪಟ್ಟರು ಎನ್ನುವುದೇ ಸುದ್ದಿ. ತಡವಾಗುವುದರಿಂದ ಅದರಲ್ಲಿ ದುಡಿಯುವವರಿಗೆ ಉಸಿರಾಡಲು ಸಮಯ ಸಿಕ್ಕಿತೋ ಅಥವಾ ರಾತ್ರಿ ಪಾಳಿ ಇನ್ನೂ ಆರು ತಿಂಗಳು ಬೆಳೆಯಿತೋ ಎಂದು ಬೆಂಗಳೂರಿನಲ್ಲೇ ಇರುವ ಪತ್ರಿಕೆಗಳಾದರೂ ಕೇಳಬಹುದು.

ಆಟವೂ ಜೂಜೂ

ಕನ್ನಡ ಪತ್ರಿಕೆಗಳಲ್ಲಿ ವಿಡಿಯೊ ಗೇಮ್ ಬರುವುದು ಹೆಚ್ಚಾಗಿ ಎರಡು ಕಡೆ. ಒಂದು ಗ್ಯಾಜೆಟ್ ಪುಟ, ಇನ್ನೊಂದು ಅಪರಾಧ ಪುಟ. ‘ಆನ್‌ಲೈನ್ ಗೇಮ್‌ಗೆ ಬಲಿ’ ಎನ್ನುವ ತಲೆಬರಹದ ಕೆಳಗೆ ಓದಿದರೆ ಅದು ಸಾಮಾನ್ಯವಾಗಿ ರಮ್ಮಿಯೋ ಬೆಟ್ಟಿಂಗೋ ಆಗಿರುತ್ತದೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿದ್ದರ ಹಿಂದೆ ಇದ್ದದ್ದೂ ಕೌಶಲದ ಆಟ ಯಾವುದು, ಜೂಜು ಯಾವುದು ಎನ್ನುವ ವಾದವೇ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣ ಕಟ್ಟಿ ಆಡುವುದನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆ ಇಟ್ಟಿತು. ಕಾನೂನಿಗೆ ಕಂಡ ವ್ಯತ್ಯಾಸ ತಲೆಬರಹಕ್ಕೆ ಕಾಣುವುದಿಲ್ಲ. ಆಟ, ಜೂಜು ಎಂದು ಎರಡು ಸ್ಪಷ್ಟ ಪದಗಳಿರುವ ಭಾಷೆ ನಮ್ಮದು. ಆದರೂ ‘ಗೇಮ್’ ಎಂಬ ಒಂದೇ ಚೀಲಕ್ಕೆ ಎರಡನ್ನೂ ತುಂಬುತ್ತೇವೆ. ಊರಿನಿಂದ ಫೋನ್ ಮಾಡಿದ ಅಮ್ಮ ‘ನೀನೂ ಅದನ್ನೇ ಆಡ್ತೀಯೇನೋ’ ಎಂದು ಗಾಬರಿಯಾಗುವುದು ಈ ಚೀಲದಿಂದ.

ಆಟವನ್ನು ಆಟವಾಗಿ ಮಾತನಾಡುವ ರೂಢಿ ನಮ್ಮಲ್ಲಿ ಇಲ್ಲದ್ದೇನಲ್ಲ. ಕರಾವಳಿಯಲ್ಲಿ ಯಕ್ಷಗಾನಕ್ಕೆ ‘ಆಟ’ ಎಂದೇ ಹೆಸರು. ರಾತ್ರಿಯಿಡೀ ಆಟ ನೋಡಿದವರು ಬೆಳಿಗ್ಗೆ ಚಹಾದಂಗಡಿಯಲ್ಲಿ ಕೂತು ಭಾಗವತರ ಏರುಪದ, ಎರಡನೇ ವೇಷದವನ ಮಾತು, ಪ್ರಸಂಗ ಎಲ್ಲಿ ಎಳೆಯಿತು, ಚಂಡೆ ಎಲ್ಲಿ ಕೈಕೊಟ್ಟಿತು ಎಂದು ಎಳೆ ಎಳೆಯಾಗಿ ಬಿಡಿಸುತ್ತಾರೆ. ಹತ್ತಕ್ಕೆ ಏಳು ಎಂದು ಯಾರೂ ಹೇಳುವುದಿಲ್ಲ. ಅದೇ ಪ್ರಸಂಗವನ್ನು ಹತ್ತು ವರ್ಷದ ಹಿಂದೆ ಬೇರೆ ಮೇಳ ಆಡಿದ್ದರ ಜೊತೆ ಹೋಲಿಸಿ ಮಾತನಾಡುತ್ತಾರೆ. ವಿಡಿಯೊ ಗೇಮ್ ವಿಮರ್ಶೆಗೆ ಬೇಕಾದದ್ದು ಇಂಥ ಕಿವಿ, ಇಂಥ ನೆನಪು.

ಅದರಿಂದ ಏನು ಸಿಗುತ್ತದೆಂದು ಒಂದು ಆಟ ಹಿಡಿದೇ ಹೇಳುತ್ತೇನೆ. 2023ರಲ್ಲಿ ಬಂದ ‘ವೆಣ್ಬಾ’ ಎಂಬ ಪುಟ್ಟ ಆಟ, 1980ರ ದಶಕದ ಕೊನೆಗೆ ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕತೆ. ಅಮ್ಮ ಕೊಟ್ಟ ಅಡುಗೆ ಪುಸ್ತಕದ ಹಾಳೆಗಳು ಹರಿದಿವೆ, ಅಳಿಸಿವೆ. ಬಿಟ್ಟುಹೋದದ್ದನ್ನು ಊಹಿಸಿ ಅಡುಗೆ ಮಾಡುವುದೇ ಆಟ. ಮೊದಲ ಅಡುಗೆ ಇಡ್ಲಿ. ಅದರ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕು ಎನ್ನುವುದೊಂದು ಒಗಟು. ಎಷ್ಟೋ ವಿಮರ್ಶೆಗಳು ಇದು ಒಂದೂವರೆ ಗಂಟೆಗೆ ಮುಗಿಯುತ್ತದೆ, ಒಗಟುಗಳು ಸುಲಭ ಎಂದವು. ಗಂಟೆಗೆ ಎಷ್ಟು ದುಡ್ಡು ಎಂದು ಲೆಕ್ಕ ಹಾಕುವವರಿಗೆ ಅದು ಹಾಗೆಯೇ ಕಾಣಬೇಕು. ಆದರೆ ಇಡ್ಲಿ ತಟ್ಟೆಯನ್ನು ಕುಳಿಯ ನೇರಕ್ಕೆ ಕುಳಿ ಬಾರದಂತೆ ತಿರುಗಿಸಿ ಇಡಬೇಕೆಂದು ನಮಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ. ಅಡುಗೆಮನೆಯಲ್ಲಿ ನಿಂತು ಕಣ್ಣಾರೆ ಕಂಡದ್ದು. ಪುಣೆಯ ಬಾಡಿಗೆ ಮನೆಯಲ್ಲಿ ಮೊದಲ ಸಲ ಸಾರು ಕುದಿಸುವಾಗ, ಹುಳಿ ಮೊದಲೋ ಬೇಳೆ ಮೊದಲೋ ಎಂದು ನೆನಪಿಗಾಗಿ ತಡಕಾಡಿದವರಿಗೆ ಆ ‘ಸುಲಭ’ದ ಒಗಟು ಏನೆಂದು ಗೊತ್ತು. ಕೈಗೆ ಗೊತ್ತಿದ್ದದ್ದು ಒಂದೇ ತಲೆಮಾರಿನಲ್ಲಿ ಹೇಗೆ ಕಳೆದುಹೋಗುತ್ತದೆ ಎನ್ನುವುದನ್ನು ಈ ಆಟ ನಮ್ಮ ಬೆರಳಿನಿಂದಲೇ ಮಾಡಿಸಿ ತೋರಿಸುತ್ತದೆ. ಇದನ್ನು ಬರೆಯಬೇಕಾದವರು ನಾವು. ನ್ಯೂಯಾರ್ಕಿನವರು ಬರೆದದ್ದನ್ನು ಓದಿ ಅಂಕ ಸಾಲದು ಎಂದು ಜಗಳ ಮಾಡುವುದು ನಮ್ಮ ಕೆಲಸವಲ್ಲ.

ಹಾಗಾಗಿ ಮುಂದಿನ ಪೆಟ್ಟಿಗೆಯ ಸುದ್ದಿ ಬಂದಾಗ ಮಾರಾಟದ ಸಂಖ್ಯೆ ದಾಟಿ ಇಷ್ಟು ಹುಡುಕಿ. ಡಿಸ್ಕಿನಲ್ಲೋ ಕಾರ್ಡಿನಲ್ಲೋ ಪೂರ್ತಿ ಆಟ ಇದೆಯೇ? ಇಂಟರ್ನೆಟ್ ಇಲ್ಲದೆ ಓಡುತ್ತದೆಯೇ? ಮಾರಬಹುದೇ, ಗೆಳೆಯನಿಗೆ ಕೊಡಬಹುದೇ? ವಿಮರ್ಶೆ ಬರೆದವರು ಆಡಿದ್ದು ನನ್ನ ಬಳಿ ಇರುವ ಪೆಟ್ಟಿಗೆಯಲ್ಲೇ? ಉತ್ತರ ಸಿಗದಿದ್ದರೆ ಒಂದು ತಿಂಗಳು ಕಾಯಿರಿ. ಒಳ್ಳೆಯ ಆಟ ಒಂದು ತಿಂಗಳಿನಲ್ಲಿ ಹಳಸುವುದಿಲ್ಲ, ಬೆಲೆ ಇಳಿದರೂ ಇಳಿದೀತು. ಆ ತಿಂಗಳಿನಲ್ಲಿ ಕಪಾಟಿನಲ್ಲಿರುವ, ಅರ್ಧಕ್ಕೆ ನಿಲ್ಲಿಸಿದ ಆಟವೊಂದನ್ನು ಪೂರ್ತಿ ಆಡಿ. ಮುಗಿದ ಮೇಲೆ ಅದರ ಬಗ್ಗೆ ಎರಡು ಪುಟ ಕನ್ನಡದಲ್ಲಿ ಬರೆಯಿರಿ. ಅಂಕ ಮಾತ್ರ ಕೊಡಬೇಡಿ.